ಮಿಟುಕುವ ದೀಪ, ಡೊಂಕು ನೆಲ

ನಮ್ಮ ಗಾದೆಗಳಲ್ಲಿ ಒಂದು ವಿಶೇಷವಿದೆ. ಒಂದು ಗಾದೆ ಬಲಕ್ಕೆ ಎಳೆದರೆ ಇನ್ನೊಂದು ಎಡಕ್ಕೆ ಎಳೆಯುತ್ತದೆ. ತನ್ನ ಕೊರತೆಯನ್ನು ಬೇರೆಯದರ ಮೇಲೆ ಹಾಕುವವರನ್ನು ಕಂಡರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ನಗುತ್ತೇವೆ. ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ದಂಡಿಸುವವರನ್ನು ಕಂಡರೆ ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ’ ಎನ್ನುತ್ತೇವೆ. ಮೊದಲನೆಯ ಗಾದೆಯ ಪ್ರಕಾರ ದೋಷ ಕಂಡಲ್ಲೇ ದೋಷ ಇದೆ. ಎರಡನೆಯದರ ಪ್ರಕಾರ ದೋಷ ಬೇರೆಲ್ಲೋ ಇದೆ. ಯಾವ ಸಂದರ್ಭಕ್ಕೆ ಯಾವ ಗಾದೆ ಎಂದು ತಿಳಿಯುವುದು ಹೇಗೆ? ಅದನ್ನು ಮಾತ್ರ ಗಾದೆ ಮಾಡಿದ ಹಿರಿಯರು ನಮಗೇ ಬಿಟ್ಟುಹೋಗಿದ್ದಾರೆ. ಮೊದಲನೆಯ ಗಾದೆಯಲ್ಲಿ ಕುಣಿಯಲಾರದವಳು ಹೆಣ್ಣೇ ಆಗಿರುವುದನ್ನೂ ನೀವು ಗಮನಿಸಿರಬಹುದು. ನೆಲ ನಿಜವಾಗಿಯೂ ಡೊಂಕಾಗಿತ್ತೇ ಎಂದು ಯಾರೂ ಬಗ್ಗಿ ನೋಡಿದ ಹಾಗೆ ಕಾಣುವುದಿಲ್ಲ.

ತಪ್ಪು ಯಾರದು ಎಂಬುದನ್ನು ಹೇಗೆ ತಿಳಿಯಬೇಕು, ತಿಳಿಯುವ ಮೊದಲೇ ತೀರ್ಪು ಕೊಡುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ತತ್ತ್ವಜ್ಞಾನಿಗಳು ದೊಡ್ಡ ದೊಡ್ಡ ಮಾತುಗಳಲ್ಲಿ ಚರ್ಚಿಸುತ್ತಾರೆ. ನನಗೆ ಅದು ಸ್ಪಷ್ಟವಾಗಿ ಕಾಣುವುದು ಅಡುಗೆಮನೆಯ ಗೋಡೆಯ ಮೇಲಿನ ನಾಲ್ಕಡಿ ಉದ್ದದ ಟ್ಯೂಬ್‌ಲೈಟಿನಲ್ಲಿ. ಎಲ್‌ಇಡಿ ದೀಪಗಳು ಬಂದ ಮೇಲೂ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ಈ ಹಳೆಯ ಟ್ಯೂಬ್‌ಲೈಟುಗಳು ಇನ್ನೂ ಉರಿಯುತ್ತಿವೆ. ಅವು ಮಿಟುಕುವುದನ್ನು ನೋಡದ ಗೃಹಿಣಿ ಯಾರಿದ್ದಾರೆ? ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಅದು ಹೊತ್ತಿ ಆರಿ, ಹೊತ್ತಿ ಆರಿ, ತಲೆನೋವು ತರಿಸುತ್ತದೆ. ದೀಪ ಪೂರ್ತಿ ಆರಿಹೋದರೆ ಮೇಣದ ಬತ್ತಿಯನ್ನಾದರೂ ಹಚ್ಚಿಕೊಳ್ಳಬಹುದು. ಮಿಟುಕುವ ದೀಪ ಬೆಳಕನ್ನೂ ಕೊಡುವುದಿಲ್ಲ, ಕತ್ತಲೆಯನ್ನೂ ಕೊಡುವುದಿಲ್ಲ. ಆಗ ಮನೆಯವರೆಲ್ಲ ಹೇಳುವ ಮಾತು ಒಂದೇ, ‘ಟ್ಯೂಬು ಹೋಗಿದೆ, ಹೊಸದು ತರಬೇಕು.’

ಟ್ಯೂಬು ಹೋಗಿದೆ ಎನ್ನುವುದು ಎಲ್ಲರ ಕಣ್ಣಿಗೆ ಕಾಣುವ ಸಂಗತಿ, ಏಕೆಂದರೆ ಮಿಟುಕುತ್ತಿರುವುದು ಅದೇ ತಾನೇ. ಆದರೆ ಆ ಪಟ್ಟಿಯಲ್ಲಿ ಟ್ಯೂಬು ಒಂಟಿಯಾಗಿಲ್ಲ. ಅದರ ಹಿಂದೆ ಚೋಕ್ ಇದೆ, ಪಕ್ಕದಲ್ಲಿ ಸ್ಟಾರ್ಟರ್ ಇದೆ, ಎರಡು ತುದಿಗಳಲ್ಲಿ ಹೋಲ್ಡರುಗಳಿವೆ, ಅವುಗಳಿಗೆಲ್ಲ ಬಂದು ಸೇರುವ ತಂತಿಯಿದೆ, ತಂತಿಯಾಚೆ ಬೀದಿಯ ಕಂಬವಿದೆ. ಇವುಗಳಲ್ಲಿ ಯಾವುದು ಕೆಟ್ಟರೂ ಮಿಟುಕುವುದು ಟ್ಯೂಬೇ. ಒಟ್ಟು ಕುಟುಂಬದ ಒಂದು ಚಿತ್ರದಂತಿದೆ ಇದು, ಅಲ್ಲವೇ?

ನಾನು ಓದಿದ್ದು ಬಿ.ಎ., ಬಿ.ಇಡಿ.; ಹೇಳಿಕೊಡುವುದು ಕನ್ನಡ ಮತ್ತು ಸಮಾಜ. ಆದರೂ ಇದರ ಒಳಗುಟ್ಟು ತಿಳಿಯಲಾರದಷ್ಟು ಕಷ್ಟದ್ದೇನಲ್ಲ. 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ದೀಪದ ಒಳಗೆ ಸ್ವಲ್ಪ ಆರ್ಗಾನ್ ಅನಿಲ ಮತ್ತು ಅತಿ ಕಡಿಮೆ ಪ್ರಮಾಣದ ಪಾದರಸ ಇರುತ್ತವೆ. ಎರಡೂ ತುದಿಗಳಲ್ಲಿ ಸಣ್ಣ ತಂತಿಯ ಸುರುಳಿಗಳು. ಸ್ವಿಚ್ ಹಾಕಿದಾಗ ವಿದ್ಯುತ್ತು ಮೊದಲು ಸ್ಟಾರ್ಟರಿನ ಮೂಲಕ ಹಾದು ಆ ಸುರುಳಿಗಳನ್ನು ಬಿಸಿ ಮಾಡುತ್ತದೆ. ಸ್ಟಾರ್ಟರಿನ ಒಳಗಿರುವ ಲೋಹದ ಪಟ್ಟಿ ಬಿಸಿಗೆ ಬಾಗಿ ಕೂಡಿಕೊಳ್ಳುತ್ತದೆ, ತಣಿದು ಬಿಟ್ಟುಕೊಳ್ಳುತ್ತದೆ. ಹಾಗೆ ಬಿಟ್ಟುಕೊಂಡ ಕ್ಷಣದಲ್ಲಿ ಚೋಕ್ ಎಂಬ ತಾಮ್ರದ ಸುರುಳಿ ಒಂದು ದೊಡ್ಡ ತಳ್ಳು ಕೊಡುತ್ತದೆ. ಆ ತಳ್ಳಿಗೆ ವಿದ್ಯುತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ಅನಿಲದಲ್ಲೇ ಹಾಯುತ್ತದೆ. ಪಾದರಸದ ಆವಿಯಿಂದ ಹೊರಡುವ ಕಣ್ಣಿಗೆ ಕಾಣದ ಕಿರಣಗಳು ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿಗೆ ತಾಗಿ ನಮಗೆ ಕಾಣುವ ಬೆಳಕಾಗುತ್ತವೆ. ಆಮೇಲೆ ಚೋಕ್‌ನ ಕೆಲಸ ತಿರುಗಿಬಿಡುತ್ತದೆ. ಮೊದಲು ತಳ್ಳಿದ್ದೇ ಈಗ ವಿದ್ಯುತ್ತು ಮಿತಿಮೀರಿ ಹರಿಯದಂತೆ ಹಿಡಿದು ನಿಲ್ಲಿಸುತ್ತದೆ. ಸ್ಟಾರ್ಟರಿಗಂತೂ ದೀಪ ಹೊತ್ತಿದ ಮೇಲೆ ಕೆಲಸವೇ ಇಲ್ಲ. ಉರಿಯುತ್ತಿರುವ ದೀಪದಿಂದ ಸ್ಟಾರ್ಟರನ್ನು ತೆಗೆದುಬಿಟ್ಟರೂ ದೀಪ ಉರಿಯುತ್ತಲೇ ಇರುತ್ತದೆ. ಅಕ್ಷರ ಕಲಿಸಿದ ಒಂದನೇ ತರಗತಿಯ ಮೇಷ್ಟ್ರನ್ನು ಯಾರೂ ನೆನೆಸಿಕೊಳ್ಳದಿರುವುದು ಈ ನಿಯಮದಿಂದಲೇ ಇರಬೇಕು.

ಈಗ ಮಿಟುಕಿನ ವಿಷಯ. ಟ್ಯೂಬಿನ ಎರಡು ತುದಿಗಳಲ್ಲಿ ಗಾಜು ಕಪ್ಪಿಟ್ಟಿದ್ದರೆ, ಸುರುಳಿಯ ಮೇಲಿನ ಲೇಪ ಸವೆದು ಅದರ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ಅರ್ಥ. ತುದಿಗಳೆರಡೂ ಕೆಂಡದಂತೆ ಹೊಳೆಯುತ್ತ ನಡುವೆ ಕತ್ತಲಾಗಿಯೇ ಉಳಿದರೆ ಅನುಮಾನ ಸ್ಟಾರ್ಟರಿನ ಮೇಲೆ. ಮುಟ್ಟಿದಾಗ ಒಮ್ಮೆ ಉರಿದು ಒಮ್ಮೆ ಆರಿದರೆ ಹೋಲ್ಡರಿನಲ್ಲಿ ಪಿನ್ನು ಸರಿಯಾಗಿ ಕೂತಿಲ್ಲ. ಗುಂಯ್ ಎಂದು ಜೋರಾಗಿ ಸದ್ದು ಮಾಡುತ್ತ ಸುಟ್ಟ ವಾಸನೆ ಬಂದರೆ ಚೋಕ್ ನೋಡಬೇಕು. ಸಂಜೆ ಏಳರಿಂದ ಒಂಬತ್ತರವರೆಗೆ ಮಾತ್ರ ಮಿಟುಕಿ, ಬೆಳಗಿನ ಜಾವ ಸರಾಗವಾಗಿ ಹೊತ್ತಿಕೊಂಡರೆ ತಪ್ಪು ಮನೆಯ ಒಳಗೇ ಇಲ್ಲ, ವೋಲ್ಟೇಜಿನಲ್ಲಿದೆ. 1990ರ ದಶಕದಲ್ಲಿ ಸಂಸಾರ ಹೂಡಿದ ನಮಗೆಲ್ಲ ಈ ಕೊನೆಯದು ಚೆನ್ನಾಗಿ ಗೊತ್ತು. ಇನ್ನು ಅಂಗಡಿಯಿಂದ ಆಗತಾನೆ ತಂದ ಟ್ಯೂಬಿನಲ್ಲಿ ಬೆಳಕು ಹಾವಿನಂತೆ ಹೊರಳಾಡಿದರೆ ಗಾಬರಿಯಾಗಿ ಹಿಂದಿರುಗಿಸಬೇಕಾಗಿಲ್ಲ. ಕೆಲವು ಗಂಟೆ ಉರಿದ ಮೇಲೆ ಬಹುಮಟ್ಟಿಗೆ ತಾನಾಗಿ ಹದಕ್ಕೆ ಬರುತ್ತದೆ. ಹೊಸ ಸೊಸೆಗೆ ಇಷ್ಟು ಕಾಲಾವಕಾಶ ಕೊಡುವ ಮನೆಗಳು ಎಷ್ಟಿವೆಯೋ.

ಒಂದು ಕೆಟ್ಟರೆ ಇನ್ನೊಂದನ್ನೂ ಕೆಡಿಸುವುದು ಇಲ್ಲಿನ ಇನ್ನೊಂದು ಸ್ವಭಾವ. ಕೆಲವೇ ರೂಪಾಯಿಯ ಸ್ಟಾರ್ಟರ್ ಅಂಟಿಕೊಂಡಿದ್ದನ್ನು ಕಡೆಗಣಿಸಿ ದಿನಗಟ್ಟಲೆ ತುದಿಗಳು ಕೆಂಪಗೆ ಕಾಯುತ್ತಿರಲು ಬಿಟ್ಟರೆ ಒಳ್ಳೆಯ ಟ್ಯೂಬೂ ಹಾಳಾಗುತ್ತದೆ. ಆಗ ಟ್ಯೂಬು ಕೆಟ್ಟಿದೆ ಎಂಬ ಮಾತು ನಿಜವೇ ಆಗುತ್ತದೆ. ಆದರೆ ಅದನ್ನು ನಿಜ ಮಾಡಿದ್ದು ನಮ್ಮ ಉದಾಸೀನ. ಒಬ್ಬಳನ್ನು ಹತ್ತು ವರ್ಷ ‘ಸಿಡುಕಿ’ ಎಂದು ಕರೆದ ಮೇಲೆ ಅವಳು ಸಿಡುಕಿಯೇ ಆಗಿರುತ್ತಾಳೆ. ಆಗ ‘ನಾವು ಮೊದಲೇ ಹೇಳಿರಲಿಲ್ಲವೇ’ ಎನ್ನುವವರಿಗೆ ಬರವಿರುವುದಿಲ್ಲ.

ನಮ್ಮ ಬೀದಿಗೆ ಬರುತ್ತಿದ್ದ ಒಬ್ಬ ಹಿರಿಯ ವೈರ್‌ಮನ್ ನನಗೆ ಈ ವಿದ್ಯೆ ಹೇಳಿಕೊಟ್ಟವರು. ಸಣ್ಣ ಕೆಲಸಕ್ಕೆಲ್ಲ ಕರೆಸುತ್ತಿದ್ದುದರಿಂದ ಅವರಿಗೆ ಬೇಸರವಾಗಿತ್ತೋ, ಕಲಿಯುವ ಆಸೆಯಿದ್ದವಳನ್ನು ಕಂಡು ಖುಷಿಯಾಗಿತ್ತೋ ಹೇಳಲಾರೆ. ‘ಟೀಚರಮ್ಮಾ, ಮೊದಲು ಮೇನ್ ಸ್ವಿಚ್ಚೇ ಆಫ್ ಮಾಡಿ. ಹಳೇ ಮನೆ ವೈರಿಂಗು, ದೀಪದ ಸ್ವಿಚ್ ಆರಿಸಿದ್ರೂ ಹೋಲ್ಡರಲ್ಲಿ ಕರೆಂಟ್ ಇರಬಹುದು. ಕೈ ಒದ್ದೆ ಇರಬಾರದು, ಮರದ ಸ್ಟೂಲ್ ಹಾಕ್ಕೊಳ್ಳಿ’ ಎಂದು ಶುರು ಮಾಡಿದರು. ಆಮೇಲೆ ಒಂದು ನಿಯಮ ಹೇಳಿದರು. ‘ಯಾವುದು ಕೆಟ್ಟಿದೆ ಅಂತ ನೋಡ್ತಾ ಕೂತ್ರೆ ಗೊತ್ತಾಗಲ್ಲ. ಅನುಮಾನ ಬಂದಿದ್ದನ್ನ ತೆಗೆದು, ಹಾಲ್‌ನಲ್ಲಿ ಚೆನ್ನಾಗಿ ಉರೀತಿರೋ ಪಟ್ಟಿಗೆ ಹಾಕಿ ನೋಡಿ. ಅಲ್ಲೂ ಮಿಟುಕಿದ್ರೆ ಅದರದ್ದೇ ತಪ್ಪು. ಅಲ್ಲಿ ಚೆನ್ನಾಗಿ ಉರಿದ್ರೆ ಅದನ್ಯಾಕೆ ಬಯ್ತೀರಿ?’

ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ದೀಪವನ್ನು ಬಿಟ್ಟು ಬೇರೆ ಕಡೆಯೂ ಅದು ಎಷ್ಟು ದೂರ ಹೋಗುತ್ತದೆ ಎಂದು ನಾನು ಯೋಚಿಸುತ್ತಲೇ ಬಂದಿದ್ದೇನೆ.

ಪರಿಚಯದ ಒಂದು ಮನೆಯಲ್ಲಿ ವರ್ಷದಲ್ಲಿ ನಾಲ್ಕು ಮಂದಿ ಕೆಲಸದವರು ಬದಲಾದರು. ಮೊದಲನೆಯವಳು ಸೋಮಾರಿ, ಎರಡನೆಯವಳು ಬಾಯಿ ಜೋರು, ಮೂರನೆಯವಳು ಹೇಳದೆ ಕೇಳದೆ ರಜೆ ಹಾಕುವವಳು, ನಾಲ್ಕನೆಯವಳಿಗೆ ಕೈ ಚೊಕ್ಕಟವಿಲ್ಲ. ಆ ಮನೆಯ ಯಜಮಾನಿ ನನ್ನ ಬಳಿ ಇದನ್ನೆಲ್ಲ ಹೇಳಿಕೊಂಡು, ‘ಈಗಿನ ಕಾಲದಲ್ಲಿ ಒಳ್ಳೆ ಜನ ಸಿಕ್ಕೋದೇ ಇಲ್ಲ ಕಣ್ರೀ’ ಎಂದು ನಿಟ್ಟುಸಿರು ಬಿಟ್ಟರು. ಆ ನಾಲ್ವರಲ್ಲಿ ಇಬ್ಬರು ನಮ್ಮ ಬೀದಿಯಲ್ಲೇ ಬೇರೆ ಮನೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಿದ್ದರು. ಆ ಮನೆಯವರಿಂದ ಒಂದು ದೂರೂ ಇರಲಿಲ್ಲ. ನಾಲ್ಕು ಟ್ಯೂಬು ಹಾಕಿದರೂ ನಾಲ್ಕೂ ಮಿಟುಕಿದವು. ಬೇರೆ ಪಟ್ಟಿಗೆ ಹಾಕಿದಾಗ ಅವೇ ಟ್ಯೂಬುಗಳು ಚೆನ್ನಾಗಿ ಉರಿದವು. ಇನ್ನು ಲೆಕ್ಕ ಕಷ್ಟವೇ? ಪಾತ್ರೆ ಎಷ್ಟು, ಸಂಬಳ ಎಷ್ಟು, ಹಬ್ಬದ ದಿನ ಎಷ್ಟು ಹೊತ್ತಿಗೆ ಬಿಡುತ್ತಾರೆ, ಕುಡಿಯಲು ಬೇರೆ ಲೋಟ ಇಡುತ್ತಾರೋ ಹೇಗೆ ಎಂಬುದನ್ನೆಲ್ಲ ಒಮ್ಮೆ ಕೇಳಬೇಕಿತ್ತು. ಅದನ್ನು ಆ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ದೀಪ ರಿಪೇರಿ ಮಾಡುವವರೂ ಮೊದಲು ನೋಡುವುದು ಅಗ್ಗದ್ದನ್ನೇ. ಮೊದಲು ಟ್ಯೂಬನ್ನು ತಿರುಗಿಸಿ ಸರಿಯಾಗಿ ಕೂರಿಸುತ್ತಾರೆ, ಅದಕ್ಕೆ ಖರ್ಚಿಲ್ಲ. ಆಮೇಲೆ ಸ್ಟಾರ್ಟರ್ ಬದಲಿಸುತ್ತಾರೆ. ಆಮೇಲೆ ಟ್ಯೂಬು, ಕೊನೆಗೆ ಚೋಕ್. ಇದು ಬುದ್ಧಿವಂತಿಕೆಯ ಕ್ರಮ. ನಾವು ಮನುಷ್ಯರ ನಡುವೆಯೂ ಇದೇ ಕ್ರಮ ಹಿಡಿಯುತ್ತೇವೆ. ಮನೆಯಲ್ಲಿ ಒಂದು ವಸ್ತು ಕಳೆದರೆ ಮೊದಲ ಅನುಮಾನ ಕೆಲಸದವಳ ಮೇಲೆ. ಮಗನ ವ್ಯಾಪಾರ ಕುಸಿದರೆ ಸೊಸೆಯ ಕಾಲ್ಗುಣ. ತರಗತಿಯಲ್ಲಿ ಸೀಮೆಸುಣ್ಣ ಮಾಯವಾದರೆ ಹರಿದ ಅಂಗಿ ತೊಟ್ಟ ಹುಡುಗ. ಕಚೇರಿಯಲ್ಲಿ ಕಡತ ಕಾಣದಿದ್ದರೆ ಜವಾನ. ಮೇಲುನೋಟಕ್ಕೆ ಎರಡೂ ಒಂದೇ ಕ್ರಮದಂತೆ ತೋರುತ್ತವೆ. ಆದರೆ ಸ್ಟಾರ್ಟರನ್ನು ಮೊದಲು ನೋಡುವುದು ಅದನ್ನು ಪರೀಕ್ಷಿಸುವುದು ಸುಲಭ ಎಂದು. ಕೆಲಸದವಳನ್ನು ಮೊದಲು ಅನುಮಾನಿಸುವುದು ಅವಳನ್ನು ಕಳಿಸಿಬಿಡುವುದು ಸುಲಭ ಎಂದು. ಸ್ಟಾರ್ಟರ್ ತೆಗೆದು ನೋಡಿ, ಅದು ಸರಿಯಾಗಿದ್ದರೆ ಮತ್ತೆ ಅದೇ ಜಾಗದಲ್ಲಿ ಕೂರಿಸಿದರೆ ಅದಕ್ಕೆ ಅವಮಾನವಿಲ್ಲ. ಹೆಂಗಸೊಬ್ಬಳ ಚೀಲ ತಡಕಿ ನೋಡಿ, ಉಂಗುರ ಆಮೇಲೆ ಬಚ್ಚಲಿನಲ್ಲೇ ಸಿಕ್ಕಿದರೆ, ಅವಳನ್ನು ಮೊದಲಿದ್ದ ಜಾಗದಲ್ಲಿ ಕೂರಿಸುವ ಉಪಾಯ ಯಾರ ಬಳಿಯೂ ಇಲ್ಲ. ವಸ್ತುವಿಗೆ ಪರೀಕ್ಷೆ ಬರಿಯ ಪರೀಕ್ಷೆ. ಮನುಷ್ಯರಿಗೆ ಅನುಮಾನವೇ ಅರ್ಧ ಶಿಕ್ಷೆ. ಆದ್ದರಿಂದ ಮನುಷ್ಯರ ನಡುವೆ ಕ್ರಮ ತಿರುಗಬೇಕು ಎಂದು ನನಗೆ ತೋರುತ್ತದೆ. ಯಾರಿಗೆ ಅನುಮಾನದಿಂದ ಹೆಚ್ಚು ನಷ್ಟವೋ ಅವರ ಸರದಿ ಕೊನೆಗೆ ಬರಬೇಕು. ಬಚ್ಚಲು, ಬೀರು, ನಮ್ಮದೇ ಮರೆವು, ಇವುಗಳನ್ನೆಲ್ಲ ನೋಡಿ ಮುಗಿದ ಮೇಲೆ.

ಶಾಲೆಯಲ್ಲಿ ‘ಟ್ಯೂಬ್‌ಲೈಟು’ ಎಂಬುದು ಒಂದು ಬೈಗುಳ. ಹೇಳಿದ್ದು ತಡವಾಗಿ ಅರ್ಥವಾಗುವವರಿಗೆಲ್ಲ ಅದೇ ಹೆಸರು. 2017ರಲ್ಲಿ ಅದೇ ಹೆಸರಿನ ಒಂದು ಹಿಂದಿ ಸಿನಿಮಾ ಕೂಡ ಬಂತು. ಬೈಯುವವರಿಗೆ ಒಂದು ಸಂಗತಿ ಮರೆತಿರುತ್ತದೆ. ಹಳೆಯ ಬಲ್ಬು ಸ್ವಿಚ್ ಹಾಕಿದ ತಕ್ಷಣ ಉರಿಯುತ್ತಿತ್ತು, ನಿಜ. ಆದರೆ ನಲವತ್ತು ವ್ಯಾಟಿನ ಬಲ್ಬಿಗಿಂತ ನಲವತ್ತು ವ್ಯಾಟಿನ ಟ್ಯೂಬು ನಾಲ್ಕೈದು ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಟ್ಯೂಬು ತಡ ಮಾಡುವುದು ಅದರ ಒಳಗೆ ಮೊದಲು ನಡೆಯಬೇಕಾದ ಕೆಲಸ ಇರುವುದರಿಂದ.

ನನ್ನ ಒಂಬತ್ತನೆಯ ತರಗತಿಯಲ್ಲಿ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಈ ಹೆಸರು ಅಂಟಿತ್ತು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಪಾಠ ಮುಂದೆ ಹೋಗಿ ಮೂರನೆಯ ಪ್ರಶ್ನೆ ಕೇಳುವಾಗ ಮೊದಲನೆಯದಕ್ಕೆ ಉತ್ತರ ಹೇಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ಒಂದು ಭಾನುವಾರ ಸಂತೆಯಲ್ಲಿ ಅವಳನ್ನು ಕಂಡೆ. ತಾಯಿಯ ಪಕ್ಕದಲ್ಲಿ ಕೂತು ಸೊಪ್ಪು ಮಾರುತ್ತಿದ್ದಳು. ಒಂದೇ ಹೊತ್ತಿಗೆ ಮೂರು ಮಂದಿ ಗಿರಾಕಿಗಳು. ಒಬ್ಬರಿಗೆ ಮೆಂತ್ಯದ ಬೆಲೆ, ಒಬ್ಬರಿಗೆ ಚಿಲ್ಲರೆ, ಇನ್ನೊಬ್ಬರೊಂದಿಗೆ ಚೌಕಾಸಿ, ನಡುನಡುವೆ ತಾಯಿಯೊಡನೆ ಲಂಬಾಣಿಯಲ್ಲಿ ಮಾತು. ಎಲ್ಲಿಯೂ ಒಂದು ಕ್ಷಣದ ತಡವಿರಲಿಲ್ಲ. ವೈರ್‌ಮನ್ ಹೇಳಿದ ಒಳ್ಳೆಯ ಪಟ್ಟಿ ನನ್ನ ಕಣ್ಣ ಮುಂದೆಯೇ ಇತ್ತು. ತರಗತಿಯಲ್ಲಿ ಅವಳು ಪಠ್ಯದ ಕನ್ನಡವನ್ನು ಮನೆಮಾತಿಗೆ ತಿರುಗಿಸಿಕೊಂಡು, ಅಲ್ಲಿ ಯೋಚಿಸಿ, ಮತ್ತೆ ಪಠ್ಯದ ಕನ್ನಡಕ್ಕೆ ತರಬೇಕಿತ್ತು. ಬೇರೆ ಮಕ್ಕಳು ಒಂದು ಕೆಲಸ ಮಾಡುವಾಗ ಅವಳು ಮೂರು ಕೆಲಸ ಮಾಡುತ್ತಿದ್ದಳು.

ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಒಂದು ವಿಷಯ ಬರೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದೇ ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಮಾತಾಡದ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಎಂದರೆ ಎಷ್ಟು? ಟ್ಯೂಬ್‌ಲೈಟ್ ಹೊತ್ತಿಕೊಳ್ಳಲು ತೆಗೆದುಕೊಳ್ಳುವಷ್ಟೇ. ನನ್ನ ತರಗತಿಯಲ್ಲಿ ಒಂದು ಪದ್ಧತಿ ಇಟ್ಟೆ. ಪ್ರಶ್ನೆ ಕೇಳಿ, ನಾನು ಮನಸ್ಸಿನಲ್ಲಿ ಐದು ಎಣಿಸುವವರೆಗೆ ಯಾರೂ ಕೈ ಎತ್ತುವಂತಿಲ್ಲ. ಆ ಹುಡುಗಿ ಜಿಲ್ಲೆಗೇ ಮೊದಲಿಗಳಾದಳು ಎಂದು ಬರೆದರೆ ಓದುವವರಿಗೆ ಸಂತೋಷವಾದೀತು. ಅವಳು ಎಸ್‌ಎಸ್‌ಎಲ್‌ಸಿಯನ್ನು ಎರಡನೆಯ ದರ್ಜೆಯಲ್ಲಿ ಪಾಸು ಮಾಡಿದಳು. ಆ ಅಡ್ಡಹೆಸರು ಪೂರ್ತಿ ಹೋಗಲಿಲ್ಲ. ಆದರೆ ಎದ್ದು ನಿಂತರೆ ಉತ್ತರ ಹೇಳಿಯೇ ಕೂರುತ್ತಿದ್ದಳು.

ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ‘ನೀವು ಹೀಗೆ ಎಲ್ಲರಿಗೂ ಒಂದೊಂದು ಕಾರಣ ಹುಡುಕಿಕೊಟ್ಟರೆ ತಪ್ಪು ಮಾಡಿದವರು ಅಂತ ಯಾರೂ ಉಳಿಯೋದೇ ಇಲ್ಲ ಮೇಡಂ. ಎಲ್ಲರಿಗೂ ನೆಲ ಡೊಂಕೇ.’ ಆ ಆಕ್ಷೇಪಣೆಯಲ್ಲಿ ಹುರುಳಿದೆ. ಕರುಣೆಯ ಹೆಸರಿನಲ್ಲಿ ಕಾರಣಗಳನ್ನು ಪೋಣಿಸುತ್ತ ಹೋಗುವುದೂ ಒಂದು ಬಗೆಯ ಸೋಮಾರಿತನವೇ. ಏಕೆಂದರೆ ಅದೂ ಪರೀಕ್ಷೆಯನ್ನು ತಪ್ಪಿಸಿಕೊಳ್ಳುತ್ತದೆ. ಆದರೆ ವೈರ್‌ಮನ್ನಿನ ನಿಯಮಕ್ಕೆ ಎರಡು ಅಲಗುಗಳಿವೆ. ಅಲ್ಲಿ ಚೆನ್ನಾಗಿ ಉರಿದರೆ ಬೈಯಬೇಡಿ ಎಂದ ಮನುಷ್ಯರೇ, ಅಲ್ಲೂ ಮಿಟುಕಿದರೆ ಅದರದ್ದೇ ತಪ್ಪು ಎಂದೂ ಹೇಳಿದ್ದರು. ಅದೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮನೆಯಲ್ಲಿ ಅನುಕೂಲವಿತ್ತು, ಕಣ್ಣು ಕಿವಿ ಸರಿಯಿದ್ದವು, ಜಾಗ ಬದಲಿಸಿ ಕೂರಿಸಿದರೂ, ಸುಲಭದ ಕೆಲಸ ಕೊಟ್ಟರೂ, ಹೊಗಳಿದರೂ ಅವನು ಮಾಡುತ್ತಿರಲಿಲ್ಲ. ಅವನಿಗೆ ನಾನು ಹೇಳಿದೆ, ‘ನೋಡಪ್ಪ, ಎಲ್ಲ ನೋಡಿ ಆಯ್ತು. ಇನ್ನು ಉಳಿದಿರೋದು ನೀನೊಬ್ಬನೇ.’ ಅವನಿಗೆ ಸಿಟ್ಟು ಬಂತು, ಆದರೆ ಅನ್ಯಾಯವಾಯಿತು ಎಂದು ಅನ್ನಿಸಲಿಲ್ಲ. ಪರೀಕ್ಷೆ ಮಾಡಿದ ಮೇಲೆ ಹೇಳಿದ ಕಟುವಾದ ಮಾತನ್ನು ಮಕ್ಕಳು ಸಹಿಸುತ್ತಾರೆ. ಪರೀಕ್ಷೆ ಮಾಡದೆ ಹೇಳಿದ ಸಣ್ಣ ಮಾತನ್ನೂ ಮರೆಯುವುದಿಲ್ಲ. ಒಬ್ಬರಿಗೆ ‘ಇದು ನಿನ್ನದೇ ತಪ್ಪು’ ಎಂದು ನ್ಯಾಯವಾಗಿ ಹೇಳುವುದು ಅವರನ್ನು ಸ್ವತಂತ್ರ ಮನುಷ್ಯರೆಂದು ಗೌರವಿಸಿದಂತೆಯೇ.

ಇಷ್ಟಾದರೂ ಒಂದು ಬಗೆಯ ಮಿಟುಕು ಉಳಿದುಬಿಡುತ್ತದೆ. ತಪ್ಪು ಹೋಲ್ಡರಿನದೂ ಅಲ್ಲ, ಚೋಕಿನದೂ ಅಲ್ಲ. ಟ್ಯೂಬಿನಲ್ಲೇ ಇದೆ, ಆದರೂ ಅದನ್ನು ತಪ್ಪು ಎನ್ನಲು ಬಾಯಿ ಬರುವುದಿಲ್ಲ. ನಮ್ಮ ಅತ್ತೆಯವರಿಗೆ ಕೊನೆಯ ವರ್ಷಗಳಲ್ಲಿ ಮರೆವು ಶುರುವಾಯಿತು. ‘ಹಾಲು ಕಾಯಿಸಿದ್ಯೇನಮ್ಮಾ?’ ಎಂದು ಕಾಲು ಗಂಟೆಗೊಮ್ಮೆ ಕೇಳುತ್ತಿದ್ದರು. ಬಂಧುಗಳು ಬಂದು ತಲೆಗೊಂದು ತೀರ್ಪು ಕೊಟ್ಟರು. ಕೆಲವರು ಅವರದು ನಟನೆ ಎಂದರು. ಕೆಲವರು, ಸೊಸೆ ಶಾಲೆಗೆ ಹೋಗಿ ಅವರನ್ನು ಒಂಟಿಯಾಗಿ ಬಿಟ್ಟಿದ್ದರಿಂದಲೇ ಹೀಗಾಯಿತು ಎಂದರು. ನಾವು ಪರೀಕ್ಷೆ ಮಾಡಿಸಿದೆವು. ಕಿವಿ ನೋಡಿಸಿದೆವು, ಥೈರಾಯ್ಡ್ ನೋಡಿಸಿದೆವು, ವಿಟಮಿನ್ ಬಿ12 ನೋಡಿಸಿದೆವು. ಇವುಗಳ ಕೊರತೆಯಿಂದಲೂ ಮರೆವು ಬರಬಹುದು, ಬಂದರೆ ಸರಿಪಡಿಸಲೂಬಹುದು. ಎಲ್ಲವೂ ಸರಿಯಾಗಿದ್ದವು. ವಯಸ್ಸಿನ ಜೊತೆ ಬಂದ ಮರೆವಿನ ಕಾಯಿಲೆ, ಹಿಂದಕ್ಕೆ ಹೋಗುವುದಿಲ್ಲ ಎಂದು ವೈದ್ಯರು ಹೇಳಿದರು.

ಆ ದಿನ ನನಗೆ ಒಂದು ಬಗೆಯ ಬಿಡುಗಡೆಯಾದಂತಾಯಿತು. ಯಾರ ತಪ್ಪು ಎಂಬ ಪ್ರಶ್ನೆಯೇ ಬಿದ್ದುಹೋಯಿತು. ಅದುವರೆಗೆ ಅವರು ಹತ್ತನೆಯ ಸಲ ಹಾಲಿನ ವಿಷಯ ಕೇಳಿದಾಗ ಉತ್ತರದ ಹಿಂದೆ ಒಂದು ಹುಡುಕಾಟ ಇರುತ್ತಿತ್ತು, ಏಕೆ ಹೀಗೆ, ಯಾರಿಂದ ಹೀಗೆ ಎಂದು. ಆಮೇಲೆ ಉತ್ತರ ಮಾತ್ರ ಉಳಿಯಿತು. ‘ಕಾಯಿಸಿದ್ದೀನಿ ಅತ್ತೆ.’ ಹತ್ತನೆಯ ಸಲವೂ ಅದು ಅವರಿಗೆ ಮೊದಲನೆಯ ಉತ್ತರವೇ. ಒಮ್ಮೊಮ್ಮೆ ಬೆಳಗ್ಗೆ ಅವರ ಮನಸ್ಸು ತಿಳಿಯಾಗಿ, ತಾವು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಬಾವಿಯಿಂದ ನೀರು ಸೇದುತ್ತಿದ್ದುದು, ಅವರ ಅತ್ತೆ ಕದ್ದು ಬೆಲ್ಲ ಕೊಡುತ್ತಿದ್ದುದು, ಎಲ್ಲವನ್ನೂ ಎಳೆ ಎಳೆಯಾಗಿ ಹೇಳುತ್ತಿದ್ದರು. ಬೆಳಕು ಇದ್ದಾಗ ಆ ಬೆಳಕಿನಲ್ಲಿ ಕೂತುಕೊಳ್ಳುವುದು, ಇಲ್ಲದಾಗ ಕೈ ಹಿಡಿದುಕೊಳ್ಳುವುದು, ಇಷ್ಟೇ ನಮ್ಮ ಕೆಲಸ. ದೋಷ ಹುಡುಕುವುದು ಎಷ್ಟು ಅಗತ್ಯವೋ, ಹುಡುಕಾಟ ಮುಗಿಯಿತು ಎಂದು ತಿಳಿದು ನಿಲ್ಲಿಸುವುದೂ ಅಷ್ಟೇ ಅಗತ್ಯ. ನಿಲ್ಲಿಸಲು ತಿಳಿಯದವರು ಕಾಯಿಲೆಯವರನ್ನೂ, ನೋಡಿಕೊಳ್ಳುವವರನ್ನೂ ಸೇರಿಸಿ ದಣಿಸುತ್ತಾರೆ.

ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಸರಿಯಾಗಿ ಉರಿಯುವ ಟ್ಯೂಬ್‌ಲೈಟೂ ಮಿಟುಕುತ್ತಲೇ ಇರುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ಹರಿಯುವುದರಿಂದ ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಅಷ್ಟೇ. ನಮ್ಮೆಲ್ಲರ ಮರೆವು, ಸಿಟ್ಟು, ಸಣ್ಣತನಗಳೂ ಹೀಗೇ. ಬೇಗ ಮುಚ್ಚಿಕೊಳ್ಳುವವರನ್ನು ಸ್ಥಿರಚಿತ್ತರು ಎನ್ನುತ್ತೇವೆ, ನಿಧಾನವಾಗಿ ಮುಚ್ಚಿಕೊಳ್ಳುವವರನ್ನು ಚಂಚಲರು ಎನ್ನುತ್ತೇವೆ.

ಕೊನೆಗೆ ಟ್ಯೂಬು ನಿಜವಾಗಿಯೂ ಮುಗಿದಾಗ ಅದನ್ನು ಏನು ಮಾಡಬೇಕು? ಬಹಳ ಜನ ತಿಪ್ಪೆಗೆ ಎಸೆಯುತ್ತಾರೆ. ಅದು ಢಂ ಎಂದು ಒಡೆಯುವುದನ್ನು ನೋಡಲು ಮಕ್ಕಳಿಗೆ ಖುಷಿ. ಅದರ ಒಳಗಿನ ಪಾದರಸ ಕೆಲವೇ ಮಿಲಿಗ್ರಾಂ ಇದ್ದರೂ ವಿಷವೇ. ಬೆಳಗ್ಗೆ ಆ ತಿಪ್ಪೆಗೆ ಕೈ ಹಾಕುವವಳು ಕಸ ಎತ್ತುವ ಹೆಂಗಸು. ನಮ್ಮ ಮನೆಗೆ ಬೆಳಕಾಗಿದ್ದದ್ದು ಅವಳ ಅಂಗೈಗೆ ಗಾಜಾಗಿ, ಉಸಿರಿಗೆ ವಿಷವಾಗಿ ತಲುಪುವುದು ಯಾವ ನ್ಯಾಯ? 2016ರ ಘನತ್ಯಾಜ್ಯ ನಿಯಮಗಳು ಟ್ಯೂಬ್‌ಲೈಟನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹಾಕಿದವು. ಸಣ್ಣ ಊರುಗಳಲ್ಲಿ ಅದನ್ನು ತೆಗೆದುಕೊಳ್ಳುವ ಕೇಂದ್ರ ಹುಡುಕುವುದು ಕಷ್ಟವಾದರೂ, ಹೊಸ ಟ್ಯೂಬಿನ ರಟ್ಟಿನ ಕವಚದಲ್ಲೇ ಹಳೆಯದನ್ನು ಇಟ್ಟು, ಮೇಲೆ ‘ಟ್ಯೂಬ್‌ಲೈಟ್, ಒಡೆಯಬೇಡಿ’ ಎಂದು ಬರೆದು, ಕಸದ ಗಾಡಿಯವರ ಕೈಗೆ ಬೇರೆಯಾಗಿ ಹೇಳಿ ಕೊಡುವುದು ಯಾರಿಗೂ ಕಷ್ಟವಲ್ಲ. ಮನೆಯಲ್ಲೇ ಒಡೆದರೆ ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಸ್ವಲ್ಪ ಹೊತ್ತಿನ ಮೇಲೆ ದಪ್ಪ ಕಾಗದದಿಂದ ಚೂರುಗಳನ್ನು ಬಳಿದು ಕಟ್ಟಿಡಬೇಕು. ಕೆಟ್ಟ ವಸ್ತುವಿಗೂ ಒಂದು ಮರ್ಯಾದೆಯ ಬೀಳ್ಕೊಡುಗೆ ಬೇಕಾಗಿರುವುದು ಅದರ ಸಲುವಾಗಿ ಅಲ್ಲ, ಅದು ಮುಂದೆ ಯಾರ ಕೈಗೆ ಸಿಗುತ್ತದೋ ಅವರ ಸಲುವಾಗಿ.

ಪಾದರಸದ ಕಾರಣದಿಂದಲೇ ಟ್ಯೂಬ್‌ಲೈಟಿನ ಕಾಲವೂ ಮುಗಿಯುತ್ತಿದೆ. 2023ರಲ್ಲಿ ಜಿನೀವಾದಲ್ಲಿ ಸೇರಿದ ಮಿನಾಮಾಟ ಒಪ್ಪಂದದ ದೇಶಗಳು, 2027ರ ಕೊನೆಗೆ ಇಂಥ ದೀಪಗಳ ತಯಾರಿಕೆ ಮತ್ತು ಆಮದು ರಫ್ತು ನಿಲ್ಲಬೇಕೆಂದು ತೀರ್ಮಾನಿಸಿದವು. ಅಂಗಡಿಯವನೂ ‘ಎಲ್‌ಇಡಿ ಹಾಕಿಸಿಬಿಡಿ ಮೇಡಂ, ತಲೆನೋವೇ ಇಲ್ಲ’ ಎನ್ನುತ್ತಾನೆ. ವಿದ್ಯುತ್ತಿನ ಲೆಕ್ಕದಲ್ಲಿ, ಪಾದರಸದ ಲೆಕ್ಕದಲ್ಲಿ ಅವನ ಮಾತು ಸರಿ. ಆದರೆ ಎಲ್‌ಇಡಿಯೂ ಮಿಟುಕುತ್ತದೆ. ಮಿಟುಕಿದಾಗ ಅದರಲ್ಲಿ ಸ್ಟಾರ್ಟರ್ ಯಾವುದು, ಚೋಕ್ ಯಾವುದು ಎಂದು ಬಿಡಿಸಿ ನೋಡುವಂತಿಲ್ಲ. ಬಹುಮಟ್ಟಿಗೆ ಎಲ್ಲವೂ ಒಂದೇ ಅಚ್ಚಿನಲ್ಲಿ ಮುಚ್ಚಿರುತ್ತದೆ. ಒಂದು ಚೂರು ಕೆಟ್ಟರೂ ಇಡಿಯಾಗಿ ಎಸೆಯುತ್ತೇವೆ. ನಮ್ಮ ಮೊಮ್ಮಕ್ಕಳು ಅಂಥ ದೀಪಗಳ ಕೆಳಗೆ ಓದಿ ಬೆಳೆಯುತ್ತಾರೆ. ಅದಕ್ಕೇನೂ ದುಃಖಪಡಬೇಕಾಗಿಲ್ಲ. ಆದರೆ ಕೆಟ್ಟದ್ದು ಯಾವುದು ಎಂದು ಬಿಚ್ಚಿ ನೋಡುವ ಅಭ್ಯಾಸವನ್ನು ಅವರಿಗೆ ದೀಪಗಳು ಇನ್ನು ಕಲಿಸುವುದಿಲ್ಲ, ನಾವೇ ಕಲಿಸಬೇಕು. ಮನೆಯಲ್ಲಿ ಯಾರ ಮೇಲಾದರೂ ಒಂದು ಮಾತು ಬಂದ ದಿನ, ಊಟಕ್ಕೆ ಕೂತಾಗ ಮಕ್ಕಳ ಎದುರಿಗೇ ‘ಎಲ್ಲ ನೋಡಿಯಾಯಿತೇ?’ ಎಂದು ಒಬ್ಬರಾದರೂ ಕೇಳಿದರೆ, ಆ ಪಾಠ ಅಲ್ಲಿಂದ ಶುರುವಾಗುತ್ತದೆ.